ಮಡಿಕೆಗೆ ಮುಯ್ಯಿ

ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪ. ಭಾನುವಾರದ ಇಳಿಹೊತ್ತು. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಹಿರೇಕೆರೂರು ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದು, ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಅಕ್ಕೋರು. ಇನ್ನೊಬ್ಬ ಅವರ ಕೈಯಲ್ಲೇ ಅಕ್ಷರ ತಿದ್ದಿದವನು. ಈಗ ಶಿಗ್ಗಾವಿಯಲ್ಲಿ ಮನೆ ಮಾಡಿಕೊಂಡು ಸವಣೂರು ತಾಲೂಕಿನ ಒಂದು ಹಳ್ಳಿಗೆ ದಿನಾ ಹೋಗಿ ಬರುವ ಮಾಸ್ತರ. ಅಕ್ಕೋರ ಉಡಿಯಲ್ಲಿ ಚೌಕವಾಗಿ ಹರಿದ ಹಳೆಯ ದಿನಪತ್ರಿಕೆಯ ಹಾಳೆಗಳು.

— ಬಾ, ಕಂಬಕ್ಕ ಆನಿಸಿ ಕೂಡು. ಮೊದಲ ಮ್ಯಾಲ ನೋಡು. ಆ ಕಲ್ಲಿನ ಕಮಲ ಎಷ್ಟು ಸುತ್ತಿಂದು, ಹೇಳು.

— ನಾಕನೇತ್ತಿ ಇದ್ದಾಗೂ ಇಲ್ಲೇ ಕೂಡಿಸಿ ಇದನ್ನ ಕೇಳಿದ್ರಿ ಅಕ್ಕೋರ.

— ಕೇಳಿದ್ದೆ. ಆ ಕೆಲಸ ಮಾಡಿದವ ಹನ್ನೆರಡನೇ ಶತಮಾನದವ. ಉಳಿ ಹಿಡಿಯೂಕಿಂತ ಮೊದಲ ಅವ ಒಂದು ದುಂಡನ್ನ ಸಮಾ ಪಾಲು ಮಾಡಿರಬೇಕು. ಪಾಲು ತಪ್ಪಿದ್ರ ಕೊನೀ ಎಸಳು ಕೂಡೂದಿಲ್ಲ. ಕಾಗದದಾಗೂ ಅಷ್ಟ. ನನ್ನ ಕೈ ನೋಡು. ನಾಲ್ಕು ಮೂಲಿ ನಡುವಿಗೆ ತಂದೆ. ಮತ್ತ ನಾಲ್ಕು. ಮತ್ತ ನಾಲ್ಕು. ಹೊಳ್ಳಿಸಿ ಹಾಕಿ ಇನ್ನೊಮ್ಮೆ ನಾಲ್ಕು. ಈಗ ಹಿಂದಿನ ಪದರ ಒಂದೊಂದ ಮೆಲ್ಲಕ ಎಳದು ಮ್ಯಾಲ ತರಬೇಕು, ಹರೀಬಾರದು. ಆತು, ಕಮಲ. ಮೊದಲನೇ ಮಡಿಕಿ ಕೂದಲೆಳಿಯಷ್ಟು ಸರದಿದ್ರ ಕಡೀ ಮಡಿಕಿಗೆ ಬರೂದ್ರಾಗ ಎಸಳು ಒಂದು ಕಡಿ ಗಿಡ್ಡ, ಒಂದು ಕಡಿ ಉದ್ದ ಆಗಿರತಾವು.

— ನಾ ಇದನ್ನ ಕೇಳಾಕ ಬಂದೀನ್ರಿ. ಸಂಭ್ರಮ ಶನಿವಾರ ಅಂತ ತಿಂಗಳಿಗೆ ಒಂದಿನ ಹುಡುಗೂರು ಪಾಟೀಚೀಲ ಇಲ್ಲದ ಬರ್ತಾರಲ್ಲ, ಅವತ್ತ ಕಾಗದದ ಕೆಲಸ ಕಲಿಸ್ರಿ ಅಂತ ನಮ್ಮ ಹೆಡ್ ಮಾಸ್ತರು ಹೇಳ್ಯಾರ. ನನಗ ಮನಸ್ಸು ಒಪ್ಪವಲ್ದು. ಇದು ಜಪಾನದವರ ವಿದ್ಯೆ. ನಮ್ಮ ಹುಡುಗೂರಿಗೆ ನಮ್ಮದ ಗೊತ್ತಿಲ್ಲ. ಗೊಟಗೋಡಿಯೊಳಗ 2011ರಿಂದ ಜಾನಪದಕ್ಕಂತಲೇ ಒಂದು ವಿಶ್ವವಿದ್ಯಾಲಯ ಐತಿ. ಅಲ್ಲೇ ರಾಕ್ ಗಾರ್ಡನ್‌ದಾಗ ನಮ್ಮ ಹಳ್ಳಿ ಬದುಕಿನ ಮೂರ್ತಿ ನೋಡಾಕ ಚೀಟಿ ತಗದು ಹೋಗ್ತೀವಿ. ದೊಡ್ಡಾಟ, ಕೌದಿ, ಹಂತಿ ಪದ ಎಲ್ಲಾ ಬಿಟ್ಟು ಒರಿಗಾಮಿ ಯಾಕ ಬೇಕು?

— ಒರಿಗಾಮಿ ಅನ್ನೂ ಹೆಸರು ಅವರದು. ಒರಿ ಅಂದ್ರ ಮಡಚೂದು, ಕಾಮಿ ಅಂದ್ರ ಕಾಗದ. ಕೊಕ್ಕರಿ ಅವರದು. 1797ರಷ್ಟು ಹಿಂದ ಕೊಕ್ಕರಿ ಮಡಚೂದರ ಮ್ಯಾಲ ಅವರಲ್ಲಿ ಪುಸ್ತಕ ಅಚ್ಚಾಗೈತಿ. ಅದನ್ನ ಕಲಿಸುವಾಗ ಜಪಾನದವರದು ಅಂತಲೇ ಹೇಳಿ ಕಲಿಸಬೇಕು. ಎಲ್ಲಾ ನಮ್ಮ ಪುರಾಣದಾಗ ಇತ್ತು ಅನ್ನೂ ಮಾತು ನನಗ ಸೇರೂದಿಲ್ಲ. ಆದ್ರ ಬ್ಯಾರೆಯವರದು ಅಂದ ಮಾತ್ರಕ್ಕ ಬಾಗಿಲಾಗ ನಿಲ್ಲಸೂದೂ ಸೇರೂದಿಲ್ಲ. ನೀ ದಿನಾ ಹೋಗೂ ಸವಣೂರಾಗ ದೊಡ್ಡ ಹುಣಸಿ ಮರ ಅದಾವಲ್ಲ, ಅವು ಎಲ್ಲಿಯವು?

— ಆಫ್ರಿಕಾದ ಬಾವೊಬಾಬ್ ಅಂತಾರ್ರಿ.

— ಹುಣಸಿಗೂ ಅದಕ್ಕೂ ಯಾವ ಸಂಬಂಧನೂ ಇಲ್ಲ. ಆದ್ರೂ ಮಂದಿ ದೊಡ್ಡ ಹುಣಸಿ ಅಂತ ಹೆಸರಿಟ್ಟರು, ಅಲ್ಲಿಯ ಮಠಕ್ಕೂ ಅದ ಹೆಸರು ಬಂತು. ಬ್ಯಾಡಗಿ ಮೆಣಸಿನಕಾಯಿ ಅಂತ ಎದಿ ಉಬ್ಬಸ್ತೀವಿ, ಆ ಗಿಡ ಪೋರ್ಚುಗೀಸರ ಹಡಗದಾಗ ಸಮುದ್ರ ದಾಟಿ ಬಂದದ್ದು. ಶರೀಫರನ್ನ ತಗೋ. ಶಿಶುವಿನಹಾಳದ ಆ ಮನಿಶಾ ಕೆಲವು ದಿನ ಸಾಲಿ ಮಾಸ್ತರಿಕಿನೂ ಮಾಡಿದವ, ನಿನ್ನ ಜಾತಿಯವ. ಆ ಕಾಲಕ್ಕ ಹೊಸದಾಗಿ ಬಂದ ಗಿರಣಿ ನೋಡಿ ಅದರ ಮ್ಯಾಲೂ ತತ್ವಪದ ಕಟ್ಟಿದ. ಇದು ಪರದೇಶದ ಯಂತ್ರ, ನನಗ ಬ್ಯಾಡ ಅನ್ನಲಿಲ್ಲ.

— ಅದು ಖರೇರಿ. ಆದ್ರೂ ಮೊದಲ ಮನೀದು, ಆಮ್ಯಾಲ ಹೊರಗಿಂದು ಅನ್ನಸತೈತಿ ನನಗ.

— ಮನೀದು ಹೊರಗ ಬರಬೇಕಾದ್ರ ಕೆಲವೊಮ್ಮೆ ಹೊರಗಿಂದು ಬಂದು ಬಾಗಿಲ ಬಡೀಬೇಕಾಗತೈತಿ. ನನಗ ಆದದ್ದ ಹೇಳತೀನಿ ಕೇಳು. ನೌಕರಿ ಸೇರಿದ ಹೊಸದರಾಗ ಒಂದು ಸಾಲ್ಯಾಗ ಇದ್ದೆ. ಹುಡುಗೂರ ಕೈಲೆ ನೂರಾರು ಕಾಗದದ ಗೊಂಬಿ ಮಾಡಿಸಿದೆ. ದೋಣಿ, ಜೋಡಿ ದೋಣಿ, ಟೊಪ್ಪಿಗಿ, ಹಕ್ಕಿ, ಕಪ್ಪಿ. ಸಾಹೇಬರು ಬರ್ತಾರ, ನೋಡ್ತಾರ ಅಂತ ಎಲ್ಲಾ ಗಾಜಿನ ಕಪಾಟಿನ್ಯಾಗ ಇಡಿಸಿ ಕೀಲಿ ಹಾಕಿದ್ರು. ಸಾಹೇಬರು ಬಂದ್ರು, ನೋಡಿ ಹೋದ್ರು. ಕೀಲಿ ಮತ್ತ ತಗೀಲಿಲ್ಲ. ಒಂದು ಹುಡುಗಿ ದಿನಾ ಊಟದ ಹೊತ್ತಿನ್ಯಾಗ ಗಾಜಿಗೆ ಮುಖ ಹಚ್ಚಿ ತಾನು ಮಾಡಿದ ಹಕ್ಕಿ ನೋಡ್ಕೋಂತ ನಿಲ್ತಿದ್ಲು. ಮಳಿಗಾಲ ಮುಗದು ಕಪಾಟ ತಗದಾಗ ಗೆದ್ದಲ ಹತ್ತಿ ಮಣ್ಣ ಆಗಿತ್ತು. ಆ ಹುಡುಗಿಗೆ ಇನ್ನೊಂದು ಮಾಡು ಅಂದೆ. ಆಕಿಗೆ ಹ್ಯಾಂಗ ಮಡಚೂದು ಅನ್ನೂದ ಮರತು ಹೋಗಿತ್ತು. ಆ ಮುಖ ನಾ ಇವತ್ತಿಗೂ ಮರತಿಲ್ಲ.

— ಅವತ್ತಿಂದ ಏನ ಮಾಡಿದ್ರಿ?

— ಎರಡ ಕಟ್ಟಳಿ ಮಾಡಿದೆ. ಮಾಡಿದ್ದು ಅವತ್ತ ಮನಿಗೆ ಹೋಗಬೇಕು, ಸಾಲ್ಯಾಗ ಉಳೀಬಾರದು. ಮನ್ಯಾಗ ಯಾರಿಗಾದ್ರೂ ಒಬ್ಬರಿಗೆ ಅದನ್ನ ಕಲಿಸಿ ಬರಬೇಕು, ಕಲತವರ ಕಡೆಯಿಂದ ಒಂದು ಮಡಿಕಿ ಮುಯ್ಯಿ ತರಬೇಕು. ಮದುವಿ ಮನ್ಯಾಗ ಮುಯ್ಯಿ ಮಾಡತೀವಲ್ಲ, ಹಂಗ. ನಿಮ್ಮ ಅವ್ವ ಏನ ಮಡಚತಾಳ, ನಿಮ್ಮ ಅಜ್ಜ ಏನ ಮಡಚತಾನ, ಅದನ್ನ ಕಲತು ಬಂದು ನಮಗ ಕಲಸ್ರಿ ಅಂದೆ. ಮೊದಲ ವಾರ ಯಾರೂ ತರಲಿಲ್ಲ. ನಮ್ಮನ್ಯಾಗ ಯಾರಿಗೂ ಇದು ಬರೂದಿಲ್ರಿ ಅಂತ ನಿಂತ್ರು. ಎರಡನೇ ವಾರ ಕಿರಾಣಿ ಅಂಗಡಿಯವರ ಹುಡುಗ ಬಂದ. ಲೆಕ್ಕದಾಗ ಹಿಂದ, ಓದೂದ್ರಾಗ ಹಿಂದ, ಕಡೀ ಸಾಲಿನ್ಯಾಗ ಕೂಡೂ ಹುಡುಗ. ಕಾಲು ಕಿಲೋ ಸಕ್ಕರಿ ಪೊಟ್ಟಣ ಕಟ್ಟೂದನ್ನ ತೋರಿಸಿದ. ಅಂಟಿಲ್ಲ, ಟಾಚಣಿ ಇಲ್ಲ. ಹಾಳಿ ಹಾಸಿ, ನಡುವ ಸುರುವಿ, ಎರಡು ಅಂಚು ಕೂಡಿಸಿ ಸುರುಳಿ ಮಾಡಿ, ಎರಡೂ ತುದಿ ಒಳಗ ಒತ್ತಿ, ದಾರ ಎರಡು ಸುತ್ತು ಹಾಕಿ ತಟಕ್ಕನ ಹರದ. ಮ್ಯಾಲಿಂದ ಒಗದ್ರೂ ಒಂದು ಕಾಳು ಚೆಲ್ಲಲಿಲ್ಲ. ಇಡೀ ವರ್ಗ ಸುಮ್ಮನಾತು. ಅವತ್ತ ಅವನ ಮಾಸ್ತರ, ನಾ ವಿದ್ಯಾರ್ಥಿ. ನನಗ ಮೂರು ಸಲ ಮಾಡಿದ್ರೂ ತುದಿ ಬಿಚ್ಚತಿತ್ತು.

— ಈಗ ಎಲ್ಲಾ ಪ್ಲಾಸ್ಟಿಕ್ ಚೀಲ ಆಗ್ಯಾವ್ರಿ. ನಮ್ಮ ಸವಣೂರ ಖಾರನೂ ಈಗ ಚೀಲದಾಗ ಬರತೈತಿ. ನಾ ಸಣ್ಣವ ಇದ್ದಾಗ ಪೇಪರ್ ಸುರುಳಿಯೊಳಗ ಕೊಡತಿದ್ರು. ತಿಂದ ಮ್ಯಾಲ ಆ ಪೇಪರ್ ಬಿಚ್ಚಿ ಓದತಿದ್ವಿ, ಎಣ್ಣಿ ಕಲಿ ಹತ್ತಿದ ಅಕ್ಷರ.

— ಹೌದು, ಆ ಕೈಕೆಲಸ ನಮ್ಮ ಕಣ್ಣ ಮುಂದ ಹೋತು. ಆದ್ರ ಅದನ್ನ ಬಲ್ಲ ಕೈ ಇನ್ನೂ ಅದಾವು, ಕೇಳಿದ್ರ ತೋರಸ್ತಾರ. ಆ ಪೊಟ್ಟಣ ಆದ ಮ್ಯಾಲ ಬಾಗಿಲ ತಗದಂಗ ಆತು ನೋಡು. ಒಬ್ಬಾಕಿ ಕೌದಿ ತುಂಡು ತಂದ್ಲು. ಹಳೀ ಸೀರಿ ಅರಿವಿ ಹ್ಯಾಂಗ ಅಂಚು ಒಳಗ ಮಡಚಿ, ಮಡಿಕಿ ಮ್ಯಾಲ ಮಡಿಕಿ ಇಟ್ಟು ಹೊಲೀತಾರ ಅಂತ ಅವರಮ್ಮನ ಕರಕೊಂಡ ಬಂದು ತೋರಿಸಿದ್ಲು. ಇನ್ನೊಬ್ಬಾಕಿ ಕೂಸಿನ ಕುಂಚಿಗಿ ನಿರಿಗಿ ಹಿಡಿಯೂದು ಕಲಿಸಿದ್ಲು. ಸವಣೂರಿಂದ ಬಂದ ಒಂದು ಹುಡುಗಿ ಬೀಡಾ ಕಟ್ಟೂದು ತೋರಿಸಿದ್ಲು. ನಿಮ್ಮ ಸವಣೂರ ಎಲಿ ತೆಳು, ಮಡಚಿದ್ರ ಬಾಗತೈತಿ, ಮುರಿಯೂದಿಲ್ಲ. ಎಲಿ ಒಣಗಿತ್ತಂದ್ರ ನರದ ಗುಂಟ ಸೀಳತೈತಿ. ತೊಟ್ಟು ಮುರದು, ಎಲಿ ಬೆನ್ನಿಗೆ ಸುಣ್ಣ ಸವರಿ, ಅಡಿಕಿ ಇಟ್ಟು, ಮೂರು ಮೂಲಿ ಮಾಡಿ ಮಡಚಿ ಒಂದು ಲವಂಗ ಚುಚ್ಚಿದ್ಲು. ಜಪಾನದವರು ಒದ್ದಿ ಕಾಗದ ಮಡಚೂದನ್ನ ಒಂದು ಕಲಿ ಅಂತ ಬೆಳಿಸ್ಯಾರ. ನಮ್ಮಲ್ಲಿ ಹಸೀ ಎಲಿ ಮಡಚೂದು ಎಂದಿನಿಂದಲೋ ನಡಕೊಂಡ ಬಂದೈತಿ. ಎರಡೂ ಒಂದ ಅಂತ ನಾ ಹೇಳೂದಿಲ್ಲ. ಎರಡನ್ನೂ ಒಂದ ಹುಡುಗಿ ಒಂದ ದಿನ ತನ್ನ ಬೆರಳಾಗ ಮಾಡಿ ನೋಡಿದ್ಲು, ಅದು ನನಗ ದೊಡ್ಡದು.

— ಅವರು ಒದ್ದಿ ಮಾಡತಾರನ್ರಿ ಕಾಗದ?

— ಅಕಿರಾ ಯೋಶಿಜಾವಾ ಅಂತ ಒಬ್ಬವ ಇದ್ದ. 1911ರಾಗ ಹುಟ್ಟಿದವ. ಕಾರಖಾನಿಯೊಳಗ ದುಡೀತಿದ್ದ, ಅಲ್ಲಿಯ ಹೊಸ ಹುಡುಗೂರಿಗೆ ರೇಖಾಗಣಿತ ತಿಳಿಸಾಕ ಕಾಗದ ಮಡಚಿ ತೋರಸ್ತಿದ್ದ. ಮುಂದ ನೌಕರಿ ಬಿಟ್ಟು ಬಡತನದಾಗ ವರ್ಷಾನುಗಟ್ಟಲೆ ಇದನ್ನ ಮಾಡಿದ. ದಪ್ಪ ಕಾಗದಕ್ಕ ತುಸು ನೀರು ಸವರಿ ಮಡಚಿದ್ರ ಮೂರ್ತಿಗತೆ ಗುಂಡಗಾಗತೈತಿ ಅಂತ ತೋರಿಸಿದವ ಅವ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಮಡಚೂದನ್ನ ಬರದು ತೋರಸೂ ಲಿಪಿ ಮಾಡಿದ. ತುಂಡು ಗೆರಿ ಇದ್ರ ಈ ಕಡಿ ಮಡಚು, ಗೆರಿ ನಡುವ ಚುಕ್ಕಿ ಇದ್ರ ಆ ಕಡಿ ಮಡಚು, ಬಾಣ ಹೋದ ಕಡಿ ಕಾಗದ ಹೋಗಬೇಕು. 1954ರಾಗ ಬಂದ ಅವನ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಜಪಾನಿ ಭಾಷಿ ಒಂದು ಅಕ್ಷರ ಬರದ ನಾ ಹಾನಗಲ್ಲದಾಗ ಕುಂತು ಅವನ ಚಿತ್ರ ನೋಡಿ ಮಡಚೀನಿ. ನಮ್ಮ ಪೊಟ್ಟಣಕ್ಕ, ಬೀಡಾಕ್ಕ ಹಿಂಗ ಗೆರಿ ಹಾಕಿ ಯಾರೂ ಬರದಿಲ್ಲ. ನಿಮ್ಮ ಏಳನೇತ್ತಿ ಹುಡುಗೂರ ಕೈಲೆ ಬರಸು. ಅದು ಜಾನಪದದ ಕೆಲಸ ಅಲ್ಲೇನು?

— ಇದು ನನಗ ಹೊಳದಿರಲಿಲ್ರಿ.

— ಲೆಕ್ಕದ ಮಾಸ್ತರ ನೀನು, ಇದನ್ನೂ ಕೇಳು. 1893ರಾಗ ಮದ್ರಾಸಿನ್ಯಾಗ ಟಿ. ಸುಂದರರಾವ್ ಅಂತ ಒಬ್ಬರು ಕಾಗದ ಮಡಚಿ ರೇಖಾಗಣಿತ ಕಲಿಯೂ ಪುಸ್ತಕ ಇಂಗ್ಲಿಷಿನ್ಯಾಗ ಬರದು ಅಚ್ಚು ಹಾಕಿಸಿದ್ರು. ಜರ್ಮನಿಯ ಫ್ರೋಬೆಲ್ ಸಣ್ಣ ಮಕ್ಕಳ ಸಾಲಿಗೆ ಅಂತ ತಂದ ಕಾಗದದ ಆಟ ನೋಡಿ ಅವರಿಗೆ ಅದು ಹೊಳೀತು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕ ಹೆಸರಿಸಿದ, ಅದನ್ನ ಓದಿ ಅಮೆರಿಕದವರು 1901ರಾಗ ಷಿಕಾಗೋದಾಗ ಮತ್ತ ಅಚ್ಚು ಹಾಕಿದ್ರು. ಜರ್ಮನಿ ಆಟ ಮದ್ರಾಸಿಗೆ ಬಂತು, ಮದ್ರಾಸಿನ ಪುಸ್ತಕ ಜರ್ಮನಿಗೆ ಹೋತು. ಇದಕ್ಕ ನಾ ಮುಯ್ಯಿ ಅಂತೀನಿ. ಇಕಾ ಈ ಹಾಳಿ ಹಿಡಿ. ನಟ್ಟನಡುವ ಉದ್ದಕ ಒಂದು ಗೆರಿ ಮಡಚಿ ಬಿಚ್ಚು. ಈಗ ಕೆಳಗಿನ ಬಲ ಮೂಲಿ ಎತ್ತಿ ಆ ಗೆರಿ ಮ್ಯಾಲ ಇಡು. ಮಡಿಕಿ ಕೆಳಗಿನ ಎಡ ಮೂಲಿಯಿಂದಲೇ ಏಳಬೇಕು. ಮೂಲಿ ಗೆರಿಗೆ ತಾಗಿದ ಜಾಗಾಕ್ಕ ಚುಕ್ಕಿ ಇಡು. ಆ ಚುಕ್ಕಿಯಿಂದ ಕೆಳಗಿನ ಎರಡೂ ಮೂಲಿಗೆ ಗೆರಿ ಎಳಿ.

— ಮೂರೂ ಬಾಜೂ ಸಮಾ! ಅರವತ್ತು ಅಂಶ ತಾನ ಬಂತು. ಕಂಪಾಸು, ಕೋನಮಾಪಕ ಒಂದೂ ಬೇಕಾಗಲಿಲ್ಲ.

— ಕಂಪಾಸ ಪೆಟಿಗಿ ಇಲ್ಲದ ಹುಡುಗ ಹಿಂದ ಉಳಿಯೂದು ಬ್ಯಾಡ. ಒಬ್ಬ ಹುಡುಗಗ ಕಣ್ಣು ಮಂದ ಇತ್ತು, ಫಳಿ ಮ್ಯಾಲಿನ ಗೆರಿ ಕಾಣತಿರಲಿಲ್ಲ. ಉಗುರಲೆ ಮಡಿಕಿ ತೀಡಿ, ಬೆರಳ ತುದೀಲೆ ಸವರಿ ಗುರತ ಹಿಡೀತಿದ್ದ. ಅವನಷ್ಟು ಚೊಕ್ಕ ಯಾರದೂ ಬರತಿರಲಿಲ್ಲ. ನಮ್ಮ ತಾಲೂಕಿನ್ಯಾಗ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಕಿವಿ, ಬೆರಳು ನಂಬಿ ಎಂಥಾ ಸಂಗೀತ ಕೊಟ್ಟರು, ಗದುಗಿನ ಆಶ್ರಮದಾಗ ಎಷ್ಟು ಮಂದಿ ಅಂಥ ಮಕ್ಕಳಿಗೆ ಬದುಕು ಕಟ್ಟಿಕೊಟ್ಟರು! ಆ ಹುಡುಗಗ ನಾ ಅವರ ಕಥಿ ಹೇಳತಿದ್ದೆ.

— ಕಥಿ ಅಂದ್ರ ನೆನಪಾತ್ರಿ. ಸಡಾಕೋ ಅನ್ನೂ ಹುಡುಗಿ ಕಥಿ ಹೇಳಿ ಕೊಕ್ಕರಿ ಮಾಡಸ್ರಿ ಅಂತಾರ. ಸಣ್ಣ ಮಕ್ಕಳಿಗೆ ಅದು ಭಾಳ ದುಃಖದ್ದಾಗೂದಿಲ್ಲೇನು?

— ಹೇಳು, ಆದ್ರ ಖರೇದ್ದನ್ನ ಹೇಳು. ಹಿರೋಶಿಮಾದ ಮ್ಯಾಲ ಬಾಂಬ್ ಬಿದ್ದಾಗ ಆಕಿಗೆ ಎರಡು ವರ್ಷ. ಹತ್ತು ವರ್ಷ ಆಡಿ ಬೆಳದ ಮ್ಯಾಲ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರ್ಯಾಗ ಔಷಧಿ ಸುತ್ತಿದ ಕಾಗದನೂ ಬಿಡದ ಕೊಕ್ಕರಿ ಮಾಡಿದ್ಲು. ಸಾವಿರ ಮುಟ್ಟೂಕಿಂತ ಮೊದಲ ಸತ್ಲು ಅಂತ ಒಂದು ಕಾದಂಬರಿಯೊಳಗ ಬರದಾರ, ಅದ ಎಲ್ಲಾ ಕಡಿ ಹಬ್ಬೇತಿ. ಆಕಿ ಅಣ್ಣ ಹೇಳೂದು ಬ್ಯಾರೆ. ಸಾವಿರ ಮುಗಿಸಿ ಮತ್ತೂ ಮಾಡಿದ್ಲು ಅಂತಾನ. 1955ರಾಗ ಆಕಿ ಹೋದ ಮ್ಯಾಲ ಆಕಿ ಗೆಳೆಯ ಗೆಳತೇರು ರೊಕ್ಕ ಕೂಡಿಸಿ ಸ್ಮಾರಕ ಕಟ್ಟಿಸಿದ್ರು, 1958ರಾಗ ಅದು ನಿಂತಿತು. ಅಲ್ಲಿಗೆ ಇವತ್ತಿಗೂ ಜಗತ್ತಿನ ಮಕ್ಕಳು ಕೊಕ್ಕರಿ ಮಡಚಿ ಕಳಸತಾರ. ಸಾವಿರ ಮುಗದ ಮ್ಯಾಲೂ ಮಡಚಿದ್ಲು ಅನ್ನೂದನ್ನ ಬಿಡಬ್ಯಾಡ, ಹುಡುಗೂರಿಗೆ ಅದನ್ನ ಒತ್ತಿ ಹೇಳು.

— ಹೇಳತೀನ್ರಿ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ನೀವು ಪ್ರದರ್ಶನ ಬ್ಯಾಡ, ಕಪಾಟ ಬ್ಯಾಡ ಅಂತೀರಿ. ನಮ್ಮ ಹುಡುಗೂರು ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹೋಗಾಕ ಕಾಯತಾರ. ಅಲ್ಲಿ ಒಂದು ಪ್ರಮಾಣಪತ್ರ ಸಿಕ್ಕರ ಮನ್ಯಾಗ ಚೌಕಟ್ಟು ಹಾಕಿ ಗ್ವಾಡಿಗೆ ಹಚ್ಚತಾರ. ಆ ಮನ್ಯಾಗ ಗ್ವಾಡಿಗೆ ಹಚ್ಚಾಕ ಬ್ಯಾರೆ ಏನೂ ಇರೂದಿಲ್ರಿ.

— ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ ತಮ್ಮಾ. ಸ್ಪರ್ಧೆ ಬ್ಯಾಡ ಅಂತ ಮೂವತ್ತು ವರ್ಷ ಹೇಳೀನಿ, ಆದ್ರ ಆ ಗ್ವಾಡಿ ಬಗ್ಗೆ ನಾ ವಿಚಾರ ಮಾಡಿರಲಿಲ್ಲ. ಕರಕೊಂಡ ಹೋಗು. ಶನಿವಾರದ ಕೆಲಸಕ್ಕ ಮಾತ್ರ ಅಂಕ ಹಾಕಬ್ಯಾಡ, ಒಂದು ಎರಡು ಮೂರು ಅನ್ನಬ್ಯಾಡ. ಮಡಚಿದ್ದನ್ನ ಮುಂದಿಟ್ಟುಕೊಂಡು ಪ್ರತಿಯೊಬ್ಬರೂ ತಮಗ ಸೇರಿದ್ದು ಒಂದು ಹೇಳಲಿ. ಊರಾಗಿಂದು, ಮನ್ಯಾಗಿಂದು, ಹಾಡು, ಊಟ, ಜಾತ್ರಿ, ಯಾವುದಾದ್ರೂ. ಒಬ್ಬ ಹುಡುಗ ಬಂಕಾಪುರದ ಕೋಟಿಯೊಳಗಿನ ನವಿಲು ಮಡಚಿ, ಮಾವನ ಜೋಡಿ ನಸುಕಿನ್ಯಾಗ ಹೋಗಿ ನವಿಲಿನ ಕೂಗು ಕೇಳಿದ್ದನ್ನ ಹೇಳಿದ. ಅದು ಬರೇ ಕಾಗದದ ನವಿಲಾಗಿ ಉಳೀಲಿಲ್ಲ. ಕೆಲವರು ಸಿನಿಮಾ ನಟನ ಹೆಸರು ಹೇಳತಾರ, ಹೇಳಲಿ. ಅದನ್ನೂ ನೀ ಮನಸಿಟ್ಟು ಕೇಳಬೇಕು.

— ನೀವ ನಿಮ್ಮದು ಹೇಳತಿದ್ರೇನ್ರಿ?

— ಮೊದಲ ನಾನ ಹೇಳತಿದ್ದೆ. ಮಾಸ್ತರು ಬಾಯಿ ಬಿಡದಿದ್ರ ಮಕ್ಕಳು ಬಿಡೂದಿಲ್ಲ. ಬಾಡದ ಕನಕದಾಸರ ರಾಮಧಾನ್ಯ ಚರಿತ್ರೆ ನನಗ ಪ್ರಾಣ. ರಾಗಿ, ಅಕ್ಕಿ ಎದುರಾಬದರಾ ನಿಂತು ವಾದ ಮಾಡತಾವು, ಬಡವರ ಕಾಳು ಗೆಲ್ಲತೈತಿ. ಇನ್ನೊಂದು ಗಂಗೂಬಾಯಿಯವರ ದನಿ. ಧಾರವಾಡದಾಗ ಹುಟ್ಟಿ, ಹುಬ್ಬಳ್ಳ್ಯಾಗ ಬಾಳಿ, ಈ ಊರ ಹೆಸರು ಬೆನ್ನಿಗೆ ಕಟ್ಟಿಕೊಂಡು ಜಗತ್ತು ತಿರುಗಿದಾಕಿ. ಧಾರವಾಡ ರೇಡಿಯೋದಾಗ ಆ ಗಡಸು ದನಿ ಬಂದ್ರ ನಮ್ಮತ್ತಿ ಒಲಿ ಮುಂದಿನ ಕೆಲಸ ಬಿಟ್ಟು ಬಂದು ಕೂಡತಿದ್ರು. ಈಗ ನಿಂದು ಹೇಳು.

— ನಂದು ಅಂಥದ್ದೇನೂ ಇಲ್ರಿ.

— ಹುಡುಗೂರೂ ಮೊದಲ ಇದನ್ನ ಅಂತಾರ.

— ಪೊಟ್ಟಣದ ಮಾತು ಬಂದಾಗಿಂದ ಒಂದು ತಲ್ಯಾಗ ತಿರಗಾಕ ಹತ್ತೇತ್ರಿ. ಅಪ್ಪನ ಕೊಪ್ಪಿ. ಆಷಾಢದ ಮಳ್ಯಾಗ ಗೊಬ್ಬರದ ಚೀಲದ ಒಂದು ಮೂಲಿ ಇನ್ನೊಂದು ಮೂಲಿಯೊಳಗ ತುರುಕಿ, ತಲಿ ಮ್ಯಾಲಿಂದ ಬೆನ್ನಿಗೆ ಇಳಿಬಿಟ್ಟು ಇಡೀ ದಿನ ಗದ್ದ್ಯಾಗ ಇರತಿದ್ದ. ಯೂರಿಯಾ ವಾಸನಿ ಬರತಿತ್ತು. ಒಂದಿನ ನಾ ಮರತ ಬಿಟ್ಟು ಬಂದ ಬುತ್ತಿ ಕೊಡಾಕ ಹಂಗ ಕೊಪ್ಪಿ ಹಾಕ್ಕೊಂಡ ಸಾಲಿ ಬಾಗಲಿಗೆ ಬಂದ. ಎಲ್ಲಾರೂ ನೋಡಿದ್ರು. ನನಗ ಅವಮಾನ ಆದಂಗ ಆಗಿ, ನಾ ಎದ್ದು ಹೋಗಲಿಲ್ಲ. ಬುತ್ತಿ ಬಾಗಲಾಗ ಇಟ್ಟು ತಿರುಗಿ ಹೋದ. ಬೆನ್ನ ಮ್ಯಾಲ ಮಳಿ ನೀರು ಒಂದು ಹನಿ ಒಳಗ ಹೋಗದಂಗ ಜಾರಿ ಇಳೀತಿತ್ತು, ಅದು ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ.

— ಅವತ್ತ ಆ ವರ್ಗದಾಗ ನಾನೂ ಇದ್ದೆ. ನಾನರ ಅವನ್ನ ಒಳಗ ಕರದು, ಈ ಕೊಪ್ಪಿ ಹ್ಯಾಂಗ ಮಾಡತೀಯಪಾ, ನಮ್ಮ ಹುಡುಗೂರಿಗೆ ತೋರಸು ಅನ್ನಬೇಕಾಗಿತ್ತು. ಒಂದ ಮಡಿಕಿ. ಅಂಟಿಲ್ಲ, ದಾರ ಇಲ್ಲ, ಹೊಲಿಗಿ ಇಲ್ಲ. ಹಿರೇಕೆರೂರಾಗ ನಮ್ಮಪ್ಪನೂ ಅದನ್ನ ಹಾಕ್ಕೊಂಡ ನೇಗಿಲ ಹಿಡದವ. ಆದ್ರೂ ನನಗ ಅವತ್ತ ಹೊಳೀಲಿಲ್ಲ.

— ಹೊತ್ತಾತ್ರಿ. ಶಿಗ್ಗಾವಿ ಬಸ್ಸು ತಪ್ಪಿದ್ರ ಕಷ್ಟ. ಈ ಕಮಲ ನನಗ ಕೊಡ್ರಿ, ಹುಡುಗೂರಿಗೆ ತೋರಸ್ತೀನಿ.

— ಹಂಗ ಒಯ್ಯಬ್ಯಾಡ. ಬಿಚ್ಚು. ಪೂರಾ ಬಿಚ್ಚಿ ಹಾಸು. ಈಗ ಬರೇ ಗೆರಿ ಉಳದಾವಲ್ಲ, ಆ ಹಾಳಿ ಒಯ್ಯಿ. ರಾತ್ರಿ ಊಟ ಆದ ಮ್ಯಾಲ ಆ ಗೆರಿ ಹಿಡಕೊಂಡ ನೀನ ಮಡಚು. ಬಣ್ಣದ ಕಾಗದ ಕೊಳ್ಳಾಕ ಹೋಗಬ್ಯಾಡ, ಹಳೀ ಪೇಪರ್ ಸಾಕು. ಮೂಲಿ ಕೂಡಿಸಿ ಮಡಚಿ ಹೆಚ್ಚಾದದ್ದ ಫೂಟಪಟ್ಟಿ ಇಟ್ಟು ಹರದ್ರ ಚೌಕ ಆತು.

— ಆಗಲ್ರಿ. ಬರೂ ಶನಿವಾರನ ಸುರು ಮಾಡತೀನಿ.

— ನಿಮ್ಮ ಅಪ್ಪ ಆರಾಮ ಅದಾನಿಲ್ಲೋ?

— ಅದಾನ್ರಿ. ಈಗೂ ಗದ್ದಿಗೆ ಹೋಗತಾನ.

— ಹಂಗಾದ್ರ ಶನಿವಾರ ಅವನ್ನ ಸಾಲಿಗೆ ಕರಕೊಂಡ ಹೋಗು. ಒಂದು ಗೊಬ್ಬರದ ಚೀಲ ತಗೊಂಡ ಬರಾಕ ಹೇಳು.